ಅಪ್ಪ ಅಮ್ಮನ ಜೊತೆ ಸ್ಯಾನ್ ಹಸಿಂಟೊ ಬೆಟ್ಟ: ಒಂದೇ ದಿನದಲ್ಲಿ ಎಷ್ಟು ಸಾಧ್ಯ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದೇವೆ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಜೂನ್ ಎರಡನೇ ವಾರದಲ್ಲಿ ಒಂದು ಶನಿವಾರ ಪಾಮ್ ಸ್ಪ್ರಿಂಗ್ಸ್‌ನ ಟ್ರಾಮ್ ಹತ್ತಿ ಮೌಂಟ್ ಸ್ಯಾನ್ ಹಸಿಂಟೊ ಸ್ಟೇಟ್ ಪಾರ್ಕ್ ನೋಡಬೇಕು ಅಂದುಕೊಂಡಿದ್ದೇವೆ. ಅಪ್ಪನಿಗೆ 71 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ, ಒಂದು ಮಂಡಿ ನೋವಿದೆ. ಆದರೆ ದಿನಾ ವಾಕಿಂಗ್ ತಪ್ಪಿಸಲ್ಲ. ಅಮ್ಮನಿಗೆ ಎತ್ತರ ಅಂದ್ರೆ ಭಯ. ಮಗನಿಗೆ ಆರು ವರ್ಷ. ನನಗೆ ಬೆಟ್ಟದ ತುದಿವರೆಗೂ ಹೋಗುವ ಆಸೆ. ಎಲ್ಲ ಒಂದೇ ದಿನದಲ್ಲಿ ಆಗುತ್ತಾ? ಏನೇನು ತಯಾರಿ ಬೇಕು?

ಉತ್ತರ: ಅಪ್ಪ ಅಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ತುದಿಯ ಆಸೆಯನ್ನು ಮಾತ್ರ ಆ ಶನಿವಾರಕ್ಕೆ ಇಟ್ಟುಕೊಳ್ಳಬೇಡಿ. ಟ್ರಾಮ್ ಇಳಿದ ಜಾಗದಿಂದ ತುದಿಗೆ ಹೋಗಿ ಬರಲು ಸುಮಾರು 11 ಮೈಲಿ ನಡಿಗೆ. ಚೆನ್ನಾಗಿ ನಡೆಯುವವರಿಗೂ ಆರೇಳು ಗಂಟೆ ಬೇಕು. ಅಷ್ಟು ಹೊತ್ತು ಇಬ್ಬರು ಹಿರಿಯರು, ಒಬ್ಬ ಚಿಕ್ಕ ಹುಡುಗ ಕೆಫೆಯ ಕುರ್ಚಿಯಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ. ಅವಸರದಲ್ಲಿ ಹತ್ತಿ ಇಳಿದರೆ ನಿಮಗೂ ಅದರಲ್ಲಿ ಸುಖವಿಲ್ಲ. ತುದಿಗೆ ಇನ್ನೊಂದು ದಿನ ಸ್ನೇಹಿತರ ಜೊತೆ ಹೋಗಿ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಈ ಬೆಟ್ಟದಲ್ಲಿ ಜನ ತಪ್ಪು ಲೆಕ್ಕ ಹಾಕುವುದಕ್ಕೆ ಕಾರಣ ಟ್ರಾಮೇ. ನಮ್ಮ ಕಡೆ ರೋಪ್‌ವೇ ಅಂತೀವಲ್ಲ, ಅದೇ. ಕೆಳಗಿನ ನಿಲ್ದಾಣ 2,643 ಅಡಿಯಲ್ಲಿದೆ, ಮೇಲಿನದು 8,516 ಅಡಿಯಲ್ಲಿ. ಮಧ್ಯೆ ಸುಮಾರು ಹತ್ತು ನಿಮಿಷ. ಹತ್ತುವ ಶ್ರಮ ಒಂದಿಷ್ಟೂ ಇಲ್ಲದ್ದರಿಂದ, ಎತ್ತರಕ್ಕೆ ಬಂದಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ನಿಮ್ಮ ಅಪ್ಪ ಹಾಸನದವರು ಅಂದ ಮೇಲೆ ಮುಳ್ಳಯ್ಯನಗಿರಿ ನೋಡಿಯೇ ಇರುತ್ತಾರೆ. ಕರ್ನಾಟಕದ ಅತಿ ಎತ್ತರದ ಆ ಬೆಟ್ಟ ಸುಮಾರು 1,930 ಮೀಟರ್. ಟ್ರಾಮ್‌ನ ಮೇಲಿನ ನಿಲ್ದಾಣವೇ ಸುಮಾರು 2,600 ಮೀಟರ್. ಅಂದರೆ ಬಾಗಿಲು ತೆಗೆದು ಕಾಲಿಡುವ ಹೊತ್ತಿಗೆ ನೀವು ಮುಳ್ಳಯ್ಯನಗಿರಿಯ ತುದಿಗಿಂತ ಎರಡು ಸಾವಿರ ಅಡಿ ಮೇಲಿರುತ್ತೀರಿ. ಊಟಿಯ ದೊಡ್ಡಬೆಟ್ಟವೂ ಹೆಚ್ಚುಕಮ್ಮಿ ಇಷ್ಟೇ ಎತ್ತರ.

ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಉಸಿರು ತಗೊಂಡಾಗ ಒಳಗೆ ಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆ. ಇದನ್ನು ಕೇಳಿ ಗಾಬರಿಯಾಗಬೇಡಿ. ಬೆಂಗಳೂರಿನಿಂದ ಬರುವಾಗ ವಿಮಾನದೊಳಗೆ ಅವರು ಹತ್ತಾರು ಗಂಟೆ ಕೂತಿದ್ದರಲ್ಲ, ಆಗ ಕ್ಯಾಬಿನ್ ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇತ್ತು. ಅದನ್ನು ತಡೆದುಕೊಂಡವರು ಇಲ್ಲಿ ಬೆಂಚಿನ ಮೇಲೆ ಕೂತರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ವಿಮಾನದಲ್ಲಿ ಅವರು ಕೂತಿದ್ದರು, ಇಲ್ಲಿ ನಡೆಯುತ್ತಾರೆ. ವ್ಯತ್ಯಾಸ ಇರುವುದು ಅಲ್ಲೇ. ದಿನಾ ಪಾರ್ಕಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯುವವರು ಅದೇ ವೇಗದಲ್ಲಿ ಇಲ್ಲೂ ಹೊರಟರೆ ನೂರು ಹೆಜ್ಜೆಗೇ ಏದುಸಿರು ಬರುತ್ತದೆ. ನಡೆಯುತ್ತಾ ಪೂರ್ತಿ ಒಂದು ವಾಕ್ಯ ಆಡಲು ಆಗುತ್ತಿದೆಯಾ ನೋಡಿ. ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ತಲೆನೋವು, ವಾಕರಿಕೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಎಂಟು ಸಾವಿರ ಅಡಿ ದಾಟಿದ ಮೇಲೆ, ಅದೂ ಕೆಲವು ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಇಳಿಯುವವರಲ್ಲಿ ಅದು ಅಪರೂಪ. ಬಂದರೂ ಇಲ್ಲಿ ಒಂದು ಅನುಕೂಲವಿದೆ. ಅದಕ್ಕೆ ಮದ್ದು ಕೆಳಗಿಳಿಯುವುದು, ಆ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತದೆ.

ಬಿಪಿ ಹತೋಟಿಯಲ್ಲಿದ್ದರೆ ಹೋಗಬಾರದು ಅಂತೇನಿಲ್ಲ. ಆದರೆ ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಸ್ಟೆಂಟ್ ಹಾಕಿಸಿಕೊಂಡಿದ್ದರೆ, ಶ್ವಾಸಕೋಶದ ತೊಂದರೆಯಿದ್ದರೆ ಊರಿನ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಇನ್ನೊಂದು ವಿಷಯ, ಇದು ನಮ್ಮ ಹಿರಿಯರದೇ ಅಭ್ಯಾಸ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಪ್ರಯಾಣದ ದಿನ ದಾರಿಯಲ್ಲಿ ಕಷ್ಟ ಅಂತ ಸದ್ದಿಲ್ಲದೆ ಆ ಮಾತ್ರೆ ಬಿಟ್ಟುಬಿಡುತ್ತಾರೆ, ನೀರೂ ಕುಡಿಯುವುದಿಲ್ಲ. ಕೇಳಿದರೆ 'ಆಯ್ತು ಆಯ್ತು, ತಗೊಂಡಿದೀನಿ' ಅಂತಾರೆ. ಈ ಬೆಟ್ಟಕ್ಕೆ ಆ ಹಾದಿ ಒಳ್ಳೆಯದಲ್ಲ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಎರಡೂ ನಿಲ್ದಾಣಗಳಲ್ಲಿ ಶೌಚಾಲಯ ಇದೆ ಅಂತ ಮೊದಲೇ ಹೇಳಿಬಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಎದೆ ಬಿಗಿತ, ಕೂತಿದ್ದರೂ ನಿಲ್ಲದ ಉಬ್ಬಸ, ಗೊಂದಲದ ಮಾತು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿನ ಸಿಬ್ಬಂದಿಗೆ ತಿಳಿಸಿ ತಕ್ಷಣ ಕೆಳಗಿಳಿಸಿ. 'ಸ್ವಲ್ಪ ಹೊತ್ತು ನೋಡೋಣ' ಬೇಡ.

ಈಗ ಅಮ್ಮನ ಭಯದ ವಿಷಯ. ಟ್ರಾಮ್ ಗಾಡಿ ದೊಡ್ಡದು, 80 ಜನ ಹಿಡಿಸುತ್ತಾರೆ. 2000ನೇ ಇಸವಿಯಲ್ಲಿ ಬಂದ ಈ ಗಾಡಿಗಳ ನೆಲ ಮೆಲ್ಲಗೆ ಸುತ್ತುತ್ತದೆ, ಒಂದು ಪ್ರಯಾಣದಲ್ಲಿ ಎರಡು ಸುತ್ತು. ಎಲ್ಲರಿಗೂ ಎಲ್ಲ ಕಡೆಯ ನೋಟ ಸಿಗಲಿ ಅಂತ ಹೀಗೆ ಮಾಡಿದ್ದಾರೆ. ಕಿಟಕಿ ಪಕ್ಕದ ಜಾಗಕ್ಕೆ ನೂಕಾಡುವ ಅಗತ್ಯವಿಲ್ಲ. ಅಮ್ಮ ನಡುವೆ ನಿಲ್ಲಲಿ, ಸುತ್ತ ಜನ ಇದ್ದರೆ ಕೆಳಗಿನ ಕಣಿವೆ ಅಷ್ಟಾಗಿ ಕಾಣುವುದಿಲ್ಲ. ದಾರಿಯಲ್ಲಿ ಐದು ಗೋಪುರಗಳಿವೆ. ಒಂದೊಂದನ್ನು ದಾಟುವಾಗಲೂ ಗಾಡಿ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ, ಒಳಗಿದ್ದವರೆಲ್ಲ 'ಓ' ಅಂತ ಕೂಗುತ್ತಾರೆ. ಇದನ್ನು ಮೊದಲೇ ಹೇಳಿರಿ. ಹೇಳದೆ ಇದ್ದರೆ ಏನೋ ಆಗಿಹೋಯಿತು ಅಂತ ಅವರು ಹೆದರುತ್ತಾರೆ. ಐದು ಸಲ ತೂಗುತ್ತೆ ಅಂತ ಗೊತ್ತಿದ್ದರೆ ಎಣಿಸುತ್ತಾರೆ. ಎಣಿಸುವ ಕೆಲಸ ಮೊಮ್ಮಗನಿಗೆ ವಹಿಸಿದರೆ ಇನ್ನೂ ಒಳ್ಳೆಯದು. ಕಿವಿ ಕಟ್ಟಿದಂತಾದಾಗ ನುಂಗಬೇಕು. ಪೆಪ್ಪರ್‌ಮಿಂಟ್ ಅಥವಾ ಸೋಂಪು ಜೊತೆಗಿರಲಿ. ಹುಡುಗನಿಗೆ ನೆಗಡಿ ಇದ್ದರೆ ಕಿವಿನೋವು ಜಾಸ್ತಿಯಾಗಬಹುದು, ಅದನ್ನು ನೋಡಿಕೊಂಡು ಹೊರಡಿ.

ಅಪ್ಪನಿಗೆ ಇದನ್ನು ಕಟ್ಟಿದ ಕತೆ ಇಷ್ಟವಾಗಬಹುದು. 1935ರಲ್ಲಿ ಫ್ರಾನ್ಸಿಸ್ ಕ್ರಾಕರ್ ಎಂಬ ಎಲೆಕ್ಟ್ರಿಕಲ್ ಇಂಜಿನಿಯರ್ ಸುಡುಬಿಸಿಲಲ್ಲಿ ಬ್ಯಾನಿಂಗ್ ಊರಿನ ಕಡೆಗೆ ಹೋಗುತ್ತಿದ್ದಾಗ, ಮೇಲೆ ಹಿಮ ಹೊದ್ದ ತುದಿ ಕಂಡು, ಅಲ್ಲಿಗೆ ಹೋಗಲು ಒಂದು ದಾರಿ ಇದ್ದಿದ್ದರೆ ಅಂದುಕೊಂಡನಂತೆ. ಕನಸು ಕೈಗೂಡಲು 28 ವರ್ಷ ಹಿಡಿಯಿತು. ಮೊದಲ ಗೋಪುರದ ಬುಡಕ್ಕೆ ಮಾತ್ರ ರಸ್ತೆಯಿತ್ತು. ಉಳಿದ ನಾಲ್ಕು ಗೋಪುರಗಳಿಗೂ ಮೇಲಿನ ನಿಲ್ದಾಣಕ್ಕೂ ಆಳು, ಸಿಮೆಂಟು, ಕಬ್ಬಿಣ ಎಲ್ಲ ಹೆಲಿಕಾಪ್ಟರಿನಲ್ಲೇ ಹೋಗಬೇಕಾಯಿತು. ಒಟ್ಟು ಸುಮಾರು 23,000 ಹಾರಾಟ. 1963ರ ಸೆಪ್ಟೆಂಬರಿನಲ್ಲಿ ಟ್ರಾಮ್ ಶುರುವಾಯಿತು. ಹಾಗೆ ಮಾಡಿದ್ದರಿಂದಲೇ ಕಣಿವೆಯಲ್ಲಿ ಕಾಮಗಾರಿ ರಸ್ತೆಯ ಗುರುತು ಕಾಣುವುದಿಲ್ಲ.

ಮೇಲೆ ಬಾಲ್ಕನಿಯಲ್ಲಿ ನಿಂತರೆ ಕೋಚೆಲ್ಲಾ ಕಣಿವೆ ಪೂರ್ತಿ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಸಾಲ್ಟನ್ ಸರೋವರವೂ ಕಾಣುತ್ತದೆ. ಭೂಮಿಯ ಎರಡು ದೊಡ್ಡ ಚಿಪ್ಪುಗಳು ಒಂದಕ್ಕೊಂದು ಉಜ್ಜುವ ಗೆರೆಯಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಆ ಕಣಿವೆಯ ಉದ್ದಕ್ಕೂ ಹಾದುಹೋಗುತ್ತದೆ. ಭೂಮಿಯ ಚಿಪ್ಪುಗಳ ಈ ಜಗ್ಗಾಟದಲ್ಲೇ ಬೆಟ್ಟ ಮೇಲೆದ್ದಿದೆ. ಕಣಿವೆಯ ತಳದಿಂದ ತುದಿಗೆ ಹತ್ತು ಸಾವಿರ ಅಡಿ, ಅದೂ ಕೆಲವೇ ಮೈಲಿಗಳ ಅಂತರದಲ್ಲಿ. ಅಮೆರಿಕದಲ್ಲಿ ಇಷ್ಟು ಕಡಿದಾಗಿ ಇಷ್ಟು ಎತ್ತರಕ್ಕೆ ಏರುವ ಜಾಗಗಳು ಕಮ್ಮಿ. ಬೂದು ಬಣ್ಣದ ಗುಂಡುಬಂಡೆಗಳನ್ನು ನೋಡಿ ಅಪ್ಪ 'ರಾಮನಗರದ ಥರಾನೇ ಇದೆ' ಅನ್ನಬಹುದು. ಎರಡೂ ಗ್ರಾನೈಟ್ ಜಾತಿಯವೇ. ಆದರೆ ರಾಮನಗರದ್ದು 250 ಕೋಟಿ ವರ್ಷ ಹಳೆಯದು, ಇಲ್ಲಿನದು ಸುಮಾರು 10 ಕೋಟಿ ವರ್ಷದ್ದು.

ಬಹಳಷ್ಟು ಜನ ಈ ಬಾಲ್ಕನಿಯಲ್ಲಿ ಫೋಟೋ ತೆಗೆದು, ಕಾಫಿ ಕುಡಿದು, ಮುಂದಿನ ಗಾಡಿಗೆ ಇಳಿದುಬಿಡುತ್ತಾರೆ. ಸ್ಟೇಟ್ ಪಾರ್ಕ್ ನೋಡಿದೆವು ಅಂತಲೂ ಹೇಳುತ್ತಾರೆ. ಅವರು ನೋಡಿದ್ದು ನಿಲ್ದಾಣದ ಕಟ್ಟಡ. ಪಾರ್ಕ್ ಇರುವುದು ಅದರ ಹಿಂದುಗಡೆ, ಲಾಂಗ್ ವ್ಯಾಲಿಯಲ್ಲಿ. ನೀವು ಅಲ್ಲಿಗೆ ಇಳಿಯಲೇಬೇಕು.

ನಿಲ್ದಾಣದ ಹಿಂಬಾಗಿಲಿನಿಂದ ಲಾಂಗ್ ವ್ಯಾಲಿಗೆ ಕಾಂಕ್ರೀಟ್ ಹಾದಿ ಇದೆ. ಅಂಕುಡೊಂಕಾಗಿ ಇಳಿಯುತ್ತದೆ, ಕಡಿದಾಗಿದೆ. ಇಳಿಯುವಾಗ ಐದಾರು ನಿಮಿಷ ಅಷ್ಟೇ, ಯಾರಿಗೂ ಏನೂ ಅನ್ನಿಸುವುದಿಲ್ಲ. ವಾಪಸ್ ಬರುವಾಗ ಅದನ್ನೇ ಹತ್ತಬೇಕು, ಅದೂ ದಣಿದ ಮೇಲೆ. ನಿಮ್ಮ ಅಪ್ಪನಿಗೆ ಆ ದಿನದ ನಿಜವಾದ ಪರೀಕ್ಷೆ ಈ ಹಾದಿಯೇ, ಕಾಡಿನ ನಡಿಗೆಯಲ್ಲ. ಇಳಿಯುವಾಗ ಮಂಡಿಗೆ ಭಾರ, ಹತ್ತುವಾಗ ಉಸಿರಿಗೆ ಭಾರ. ಒಂದು ಊರುಗೋಲು ಅಥವಾ ಟ್ರೆಕ್ಕಿಂಗ್ ಕೋಲು ತನ್ನಿ. ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲಲಿ. ಒಟ್ಟು ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ಪಕ್ಕದಲ್ಲಿ ಮಕ್ಕಳು ಓಡುತ್ತಾ ಹೋದರೆ ನಮ್ಮ ಗಂಡಸರಿಗೆ ಸುಮ್ನೆ ಒಂದು ಹಟ ಬರುತ್ತದೆ. ಅದನ್ನು ಅಮ್ಮ ನೋಡಿಕೊಳ್ಳಲಿ!

ಕೆಳಗಿಳಿದ ಮೇಲೆ ಸುಖ. ಡಿಸ್ಕವರಿ ಟ್ರೇಲ್ ಎನ್ನುವ ಚಿಕ್ಕ ಸುತ್ತು ಇದೆ. ಒಂದು ಮೈಲಿಯೂ ಇಲ್ಲ, ಬಹುಮಟ್ಟಿಗೆ ಸಮತಟ್ಟು. ಅಪ್ಪ ಅಮ್ಮನಿಗೆ ಅದು ಸರಿಯಾದ ಅಳತೆ. ಪಿಕ್‌ನಿಕ್ ಮೇಜುಗಳೂ ಇವೆ. ಅವರನ್ನು ಅಲ್ಲಿ ಬುತ್ತಿ ಜೊತೆ ಕೂರಿಸಿ ನೀವು ಮಗನನ್ನು ಕರೆದುಕೊಂಡು ಡೆಸರ್ಟ್ ವ್ಯೂ ಟ್ರೇಲ್ ಸುತ್ತಿ ಬನ್ನಿ. ಅದು ಒಂದೂವರೆ ಮೈಲಿ, ಸ್ವಲ್ಪ ಏರಿಳಿತ ಇದೆ. ದಾರಿಯಲ್ಲಿ ಐದು ಕಡೆ ಬೆಟ್ಟದ ಅಂಚಿಗೆ ಬಂದು ಕಣಿವೆ ನೋಡಬಹುದು. ಆ ಅಂಚುಗಳಲ್ಲಿ ಎಲ್ಲ ಕಡೆ ಕಂಬಿ ಇಲ್ಲ, ಹುಡುಗನ ಕೈ ಹಿಡಿದಿರಿ. ಅವನ ಹೆಜ್ಜೆಗೆ ಒಂದೂವರೆ ಗಂಟೆ ಅಂದುಕೊಳ್ಳಿ.

ಆರು ವರ್ಷದವನಿಗೆ ಇಲ್ಲಿ ನೋಟಕ್ಕಿಂತ ಮರಗಳೇ ಚೆಂದ. ಜೆಫ್ರಿ ಪೈನ್ ಮರದ ತೊಗಟೆಯ ಸೀಳಿಗೆ ಮೂಗಿಟ್ಟು ಮೂಸಲು ಹೇಳಿ. ಬಿಸಿಲು ಬಿದ್ದ ತೊಗಟೆ ವೆನಿಲಾ ವಾಸನೆ ಬರುತ್ತದೆ. ಕೆಲವರಿಗೆ ಅನಾನಸ್ ಅನ್ನಿಸುತ್ತದೆ. ಅದರ ಕಾಯಿ ದೊಡ್ಡದು, ಅಂಗೈಯಲ್ಲಿ ಒತ್ತಿದರೂ ಚುಚ್ಚುವುದಿಲ್ಲ, ಮುಳ್ಳುಗಳ ತುದಿ ಒಳಮುಖ. ಆಟವಾಡಿ ಅಲ್ಲೇ ಬಿಟ್ಟು ಬರಬೇಕು, ಮನೆಗೆ ತರುವ ಹಾಗಿಲ್ಲ. ಅಳಿಲುಗಳು ಬುತ್ತಿ ನೋಡಿ ಹತ್ತಿರ ಬರುತ್ತವೆ. ಅವಕ್ಕೆ ಏನೂ ಹಾಕಬಾರದು. ಇದನ್ನು ಅಮ್ಮನಿಗೂ ಹೇಳಿ. ಬಂದ ಜೀವಕ್ಕೆ ಒಂದು ತುತ್ತು ಹಾಕದೆ ತಿನ್ನುವುದು ನಮ್ಮವರಿಗೆ ಕಷ್ಟ, ಅಲ್ವಾ? ಆದರೆ ಮನುಷ್ಯರ ತಿಂಡಿ ರೂಢಿಯಾದರೆ ಅವು ಕಚ್ಚುವುದನ್ನೂ ಕಲಿಯುತ್ತವೆ.

ಬುತ್ತಿಗೆ ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ ಚೆನ್ನ. ಮೊಸರನ್ನ ಒಯ್ಯುವುದಾದರೆ ಐಸ್ ಪ್ಯಾಕ್ ಇರುವ ಚೀಲದಲ್ಲಿ ಒಯ್ಯಿರಿ, ದಾರಿಯ ಬಿಸಿಲಿಗೆ ಹುಳಿಯಾಗುತ್ತದೆ. ಮೇಲೆ ಕೆಫೆ, ರೆಸ್ಟೋರೆಂಟ್ ಇವೆ. ಆದರೆ ಕಾಡಿನಲ್ಲಿ ಕೂತು ತಿನ್ನುವ ಸುಖ ಅಲ್ಲಿಲ್ಲ.

ಬಟ್ಟೆ ವಿಷಯದಲ್ಲಿ ಕೆಳಗಿನ ಬಿಸಿಲನ್ನು ನಂಬಬೇಡಿ. ಜೂನ್‌ನಲ್ಲಿ ಪಾಮ್ ಸ್ಪ್ರಿಂಗ್ಸ್ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ಮೇಲಿನ ಕಾಡು ಅದಕ್ಕಿಂತ 17ರಿಂದ 22 ಡಿಗ್ರಿ ತಣ್ಣಗಿರುತ್ತದೆ. ನೆರಳಲ್ಲಿ ಕೂತು, ಗಾಳಿಯೂ ಬೀಸಿದರೆ ಹಿರಿಯರಿಗೆ ಚಳಿ ಹತ್ತುತ್ತದೆ. ಅಪ್ಪನಿಗೆ ಸ್ವೆಟರ್, ಅಮ್ಮನಿಗೆ ಶಾಲು, ಇಬ್ಬರಿಗೂ ಟೋಪಿ. ಚಳಿ ಇದ್ದರೂ ಬಿಸಿಲು ಖಾರವೇ, ಎತ್ತರದಲ್ಲಿ ಚರ್ಮ ಬೇಗ ಸುಡುತ್ತದೆ. ಅಮ್ಮ ಸೀರೆ ಉಟ್ಟು ಬಂದರೂ ಡಿಸ್ಕವರಿ ಟ್ರೇಲ್‌ಗೆ ಅಡ್ಡಿಯಿಲ್ಲ. ಚಪ್ಪಲಿ ಮಾತ್ರ ಬೇಡ, ಶೂ ಹಾಕಿಸಿ. ಕಾಂಕ್ರೀಟ್ ಹಾದಿಯ ಮೇಲೆ ಮರಳು, ಪೈನ್ ಎಲೆ ಬಿದ್ದಿರುತ್ತವೆ, ಜಾರುತ್ತದೆ.

ಇನ್ನು ಹೊರಡುವ ದಿನದ ಲೆಕ್ಕ. ಅರ್ವೈನ್‌ನಿಂದ ಸುಮಾರು ನೂರು ಮೈಲಿ. ಶನಿವಾರ ಬೇಗ ಹೊರಟರೆ ಎರಡು ಗಂಟೆ. ತಡವಾದರೆ ಹೆದ್ದಾರಿ 91ರ ಟ್ರಾಫಿಕ್ ಗೊತ್ತೇ ಇದೆಯಲ್ಲ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ಆ ದಿನದ ಮೊದಲ ಗಾಡಿಗಳಲ್ಲಿ ಒಂದನ್ನು ಆರಿಸಿ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ದುರಸ್ತಿಗಾಗಿ ಟ್ರಾಮ್ ಕೆಲವು ವಾರ ಮುಚ್ಚುತ್ತದೆ, ನಿಮಗೆ ಅದು ತಟ್ಟುವುದಿಲ್ಲ. ಆದರೆ ಗಾಳಿ ಜೋರಾದರೆ ಯಾವ ದಿನವಾದರೂ ನಿಲ್ಲಿಸಬಹುದು, ಹೊರಡುವ ಮುಂಚೆ ವೆಬ್‌ಸೈಟ್ ನೋಡಿ. ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತಲೂ ಅಲ್ಲೇ ನೋಡಿಕೊಳ್ಳಿ. ಹೆದ್ದಾರಿ 111ರಿಂದ ತಿರುಗಿದ ಮೇಲಿನ ಟ್ರಾಮ್‌ವೇ ರಸ್ತೆ ನಾಲ್ಕು ಮೈಲಿಯೊಳಗೇ ಸುಮಾರು ಎರಡು ಸಾವಿರ ಅಡಿ ಏರುತ್ತದೆ. ಅಲ್ಲಿ ಎಸಿ ಆರಿಸಿ, ಹಳೆಯ ಕಾರುಗಳ ಇಂಜಿನ್ ಕಾಯುತ್ತದೆ. ಮೊದಲು ಅಪ್ಪ ಅಮ್ಮನನ್ನು ನಿಲ್ದಾಣದ ಹತ್ತಿರ ಇಳಿಸಿ, ಆಮೇಲೆ ಪಾರ್ಕಿಂಗ್ ಹುಡುಕಿ. ಮಾತ್ರೆ ಡಬ್ಬಿ ಕಾರಿನಲ್ಲಿ ಬಿಡಬೇಡಿ, ವಾಪಸ್ ಬರುವ ಹೊತ್ತಿಗೆ ಕಾರು ಒಲೆಯಾಗಿರುತ್ತದೆ. ದಾರಿಯಲ್ಲಿ ಕ್ಯಾಬಜಾನ್ ಹತ್ತಿರ ಎರಡು ದೈತ್ಯ ಡೈನೋಸಾರ್ ಗೊಂಬೆಗಳು ಕಾಣುತ್ತವೆ. ಮಗ ನಿಲ್ಲಿಸು ಅಂತ ಹಟ ಹಿಡಿಯುವುದು ಖಂಡಿತ. ಹೋಗುವಾಗ ಅಲ್ಲ, ಬರುವಾಗ ನಿಲ್ಲಿಸುವುದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಈಗ ನಿಮ್ಮ ತುದಿಯ ಆಸೆ. 10,834 ಅಡಿ. ಲಾಂಗ್ ವ್ಯಾಲಿಯ ರೇಂಜರ್ ಕಚೇರಿಯಲ್ಲಿ ಆ ದಿನದ ಪರ್ಮಿಟ್ ಬರೆದುಕೊಡಬೇಕು, ಹಣವಿಲ್ಲ. ಎಷ್ಟು ಜನ, ಎಲ್ಲಿಗೆ ಎನ್ನುವುದು ಅವರಿಗೆ ಗೊತ್ತಿದ್ದರೆ ಹುಡುಕುವುದು ಸುಲಭ. ಅದನ್ನು ಬರೀ ಕಾಗದ ಅಂದುಕೊಳ್ಳಬೇಡಿ. ಅಲ್ಲಿಂದ ರೌಂಡ್ ವ್ಯಾಲಿ, ಆಮೇಲೆ 9,700 ಅಡಿಯ ವೆಲ್‌ಮನ್ ಡಿವೈಡ್. ಆಮೇಲೆ ತುದಿಗೆ ಏರು. ಕೊನೆಯಲ್ಲಿ ಹಾದಿ ಕರಗಿಹೋಗಿ ಬಂಡೆಗಳ ರಾಶಿ ಬರುತ್ತದೆ, ಕೈಯೂರಿ ಹತ್ತಬೇಕು. ಅದಕ್ಕೂ ಸ್ವಲ್ಪ ಕೆಳಗೆ 1930ರ ದಶಕದಲ್ಲಿ ಕಟ್ಟಿದ ಒಂದು ಕಲ್ಲಿನ ಗುಡಿಸಲಿದೆ, ಆಪತ್ತಿನಲ್ಲಿ ಸಿಕ್ಕವರಿಗೆ ಆಸರೆ. ಹಿಮ ಜಾಸ್ತಿ ಬಿದ್ದ ವರ್ಷ ಜೂನ್ ಮೊದಲಲ್ಲೂ ನೆರಳಿನ ಇಳಿಜಾರುಗಳಲ್ಲಿ ಹಿಮ ಉಳಿದಿರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಸಿಡಿಲು ಮಳೆ ಬರಬಹುದು. ನನ್ನನ್ನು ಕೇಳಿದರೆ ಅಕ್ಟೋಬರ್ ಒಳ್ಳೆಯದು. ಮಧ್ಯಾಹ್ನ ಒಂದು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಚಳಿಗಾಲದಲ್ಲಿ ಇದೇ ಹಾದಿ ಮಂಜುಗಡ್ಡೆಯಾಗಿರುತ್ತದೆ, ಜನ ಜಾರಿ ಸತ್ತಿದ್ದಾರೆ. ಹಿಮದಲ್ಲಿ ನಡೆಯುವ ಸಲಕರಣೆ, ಅಭ್ಯಾಸ ಇಲ್ಲದೆ ಆಗ ಹೋಗುವ ಮಾತೇ ಬೇಡ.

ನಿಲ್ದಾಣದವರೆಗೆ ಬಂದ ಮೇಲೂ ಅಮ್ಮ ಒಲ್ಲೆ ಅಂದರೆ ಬಲವಂತ ಮಾಡಬೇಡಿ. ಅಂಥ ಸೂಚನೆ ಮನೆಯಲ್ಲೇ ಕಂಡರೆ ಟಿಕೆಟ್ ತಗೊಳ್ಳುವ ಮುಂಚೆಯೇ ಯೋಜನೆ ಬದಲಿಸಿ. ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಇಡಿಲ್‌ವೈಲ್ಡ್ ಎಂಬ ಊರಿದೆ, ಸುಮಾರು 5,400 ಅಡಿ ಎತ್ತರದಲ್ಲಿ. ಕಾರಿನಲ್ಲೇ ಹೋಗಬಹುದು, ಸುತ್ತ ಅದೇ ಪೈನ್ ಕಾಡು. ಸ್ಟೇಟ್ ಪಾರ್ಕಿನ ಕ್ಯಾಂಪಿಂಗ್ ಜಾಗವೂ ಆ ಊರೊಳಗೇ ಇದೆ. ಮರುಭೂಮಿಯಿಂದ ಕಾಡಿಗೆ ಹತ್ತು ನಿಮಿಷದಲ್ಲಿ ಜಿಗಿಯುವ ಬೆರಗು ಅಲ್ಲಿ ಸಿಗುವುದಿಲ್ಲ, ಆದರೆ ಮಂಡಿಗೂ ಉಸಿರಿಗೂ ಅದು ಹಗುರ. ಬ್ಯಾನಿಂಗ್‌ನಿಂದ ಹೆದ್ದಾರಿ 243 ಹಿಡಿಯಿರಿ. ಆ ರಸ್ತೆ ತಿರುವು ಜಾಸ್ತಿ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.